ಆನೆಯ ಹಿಂದೆ ಕುದುರೆಯ ಬಾಲ

ಹಂಪಿಯಲ್ಲಿ ಮೂರು ದಿನ ಇದ್ದೆವು. ತಲೆಯಲ್ಲಿ ಉಳಿದಿರುವುದು ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಕಳೆದ ಒಂದು ಗಂಟೆ.

ಬ್ಯಾಟರಿ ಗಾಡಿ ಇಳಿದು ಒಳಗೆ ಹೋಗುವಷ್ಟರಲ್ಲಿ ಕಲ್ಲಿನ ರಥದ ಮುಂದೆ ಜನ ಸಾಲುಗಟ್ಟಿದ್ದರು. ಎಲ್ಲರ ಕೈಯಲ್ಲೂ 50 ರೂಪಾಯಿ ನೋಟು. 2017ರಲ್ಲಿ ಬಂದ ಆ ನೀಲಿ ನೋಟಿನ ಹಿಂಬದಿಯಲ್ಲಿ ಇದೇ ರಥ ಇದೆಯಲ್ಲ, ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯಬೇಕು. ಒಬ್ಬರು ನಿಂತ ಜಾಗದಲ್ಲೇ ಮುಂದಿನವರು ನಿಲ್ಲುತ್ತಾರೆ. ಒಂದು ಕಣ್ಣು ಮುಚ್ಚಿ, ನೋಟನ್ನು ಚೂರು ಮೇಲೆ, ಚೂರು ಕೆಳಗೆ ಮಾಡಿ, ಚಕ್ರಕ್ಕೆ ಚಕ್ರ ಹೊಂದಿಸುತ್ತಾರೆ. ಹೊಂದಿತು ಅಂದ ಕೂಡಲೇ ಮುಖ ಅರಳುತ್ತದೆ. ಆಮೇಲೆ ರಥದ ಕಡೆ ತಿರುಗಿ ನೋಡುವವರು ಕಡಿಮೆ. ಅದು ನನಗೆ ಬೇಜಾರಾಯಿತು.

ಹತ್ತು ವರ್ಷದ ನನ್ನ ಮಗಳೂ ಹಾಗೇ ಹಿಡಿದು ನೋಡಿ, "ಅಮ್ಮಾ, ಸೇಮ್ ಇದೆ! ಒರಿಜಿನಲ್ಲೇ!" ಎಂದು ಕೂಗಿದಳು. ಸಾವಿರಾರು ಫೋಟೊ, ರೀಲ್ಸ್ ನೋಡಿ ಬಂದ ನಾನೂ ಮನಸ್ಸಿನಲ್ಲಿ ಅದನ್ನೇ ಮಾಡುತ್ತಿದ್ದೆ. ಚಿತ್ರಕ್ಕೆ ಹೊಂದಿದರೆ ತಾನೇ ರಥ ನಿಜ ಅನ್ನಿಸುವುದು?

ಪಕ್ಕದಲ್ಲಿದ್ದ ವಯಸ್ಸಾದ ಗೈಡ್ ಒಬ್ಬರು ಅವಳನ್ನು ಕರೆದರು. "ಇಲ್ಲಿ ಬಾರವ್ವ. ಆ ಆನಿ ಹಿಂದ ಏನ್ ಕಾಣ್ತೈತಿ ನೋಡು."

ಬೇಲಿಯ ಆಚೆ ಅವಳು ಬಗ್ಗಿ ನೋಡಿದಳು. ಆನೆಯ ಹಿಂದೆ, ರಥದ ಕಲ್ಲಿಗೆ ಅಂಟಿಕೊಂಡಂತೆ ಹಿಂಗಾಲು. ಅದರ ಮೇಲೆ ಇಳಿಬಿದ್ದ ಬಾಲ.

"ಆನೆ ಬಾಲ ಅಲ್ಲ ಇದು. ಕುದುರೆದಾ?"

"ಹೌದವ್ವ. ಮೊದಲು ಇಲ್ಲಿ ಕುದುರಿ ಇದ್ದವು. ಆನಿ ಆಮ್ಯಾಲೆ ತಂದಿಟ್ಟಿದ್ದು."

"ಹಂಗಾದ್ರೆ ಈ ರಥ ಒರಿಜಿನಲ್ ಅಲ್ವಾ ಅಜ್ಜ?"

ಅಜ್ಜ ತಕ್ಷಣ ಉತ್ತರ ಕೊಡಲಿಲ್ಲ. ಮೊಬೈಲ್ ತೆಗೆದು ಒಂದು ಕಪ್ಪು ಬಿಳುಪು ಫೋಟೊ ತೋರಿಸಿದರು. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದದ್ದು. ಅದೇ ಚಕ್ರ, ಅದೇ ಕಂಬ. ಆದರೆ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರ! ಇಷ್ಟು ವರ್ಷ ನೋಡಿದ ಚಿತ್ರಗಳಲ್ಲಿ ಇದೊಂದು ಕಣ್ಣಿಗೇ ಬಿದ್ದಿರಲಿಲ್ಲ. ಮುಂದೆ ಅದನ್ನು ತೆಗೆದುಬಿಟ್ಟರಂತೆ.

"ಗೋಪುರ ಇದ್ದಾಗ ಬಂದವರಿಗೆ ಈ ನೋಟು ತೋರಿಸಿದ್ರ, ಇದು ನಮ್ಮ ಹಂಪಿದಲ್ಲ ಅಂತಿದ್ರು" ಅಂದರು ಅಜ್ಜ. ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಾರೂ ರಥ ರಥ ಅಂತಾರ. ಇದು ಗರುಡನ ಗುಡಿ ನೋಡ್ರಿ ಅಕ್ಕಾರ. ಎದುರಿಗಿರೋ ವಿಠ್ಠಲನ ವಾಹನ ಅಲ್ಲೇನ್ರಿ ಗರುಡ?"

ಆಗ ನಾನು ತಿರುಗಿ ಗರ್ಭಗುಡಿಯ ಕಡೆ ನೋಡಿದೆ. ನೋಟಿನ ಚಿತ್ರದಲ್ಲಿ ರಥ ಒಂಟಿಯಾಗಿ ನಿಂತಿದೆ. ಇಲ್ಲಿ ಅದು ದೇವರಿಗೆ ಮುಖ ಮಾಡಿ ನಿಂತಿದೆ. ಕಲ್ಲುಗಳ ನಡುವಿನ ಕೂಡು ಗೆರೆಗಳೂ ಆಮೇಲೆ ಒಂದೊಂದಾಗಿ ಕಂಡವು. ಒಂದೇ ಬಂಡೆಯಲ್ಲಿ ಕೆತ್ತಿದ್ದು ಅಂತ ನಂಬಿಕೊಂಡಿದ್ದೆ. ಎಷ್ಟೋ ಕಲ್ಲು ಜೋಡಿಸಿ ಕಟ್ಟಿದ್ದಾರೆ, ಕೂಡು ಸುಲಭಕ್ಕೆ ಕಾಣದ ಹಾಗೆ. ಆ ಕೆಲಸಗಾರರನ್ನು ನೆನೆದು ಕಣ್ಣು ತುಂಬಿತು.

ಇನ್ನೊಂದು ಮಾತು, ಟಿಕೆಟ್ ಬಿಸಾಕಬೇಡಿ. ಇಲ್ಲಿ ಕೊಂಡ ಟಿಕೆಟ್ಟೇ ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ. ನಮಗೆ ಯಾರೂ ಹೇಳಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಇನ್ನೊಮ್ಮೆ ಸಾಲು ನಿಂತು ಎರಡನೇ ಸಲ ದುಡ್ಡು ಕೊಟ್ಟೆವು. ಆ ಸಿಟ್ಟು ಇನ್ನೂ ಇಳಿದಿಲ್ಲ. ರಾತ್ರಿ ಹೊಸಪೇಟೆಯಲ್ಲಿ ತಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾತ್ರ ತುಂಬಾ ಚೆನ್ನಾಗಿತ್ತು.

ತಿನ್ನುತ್ತಲೇ ಮಗಳು ಅಜ್ಜಿಗೆ ಒಂದೇ ಒಂದು ಫೋಟೊ ಕಳಿಸಿದಳು. ಕುದುರೆಯ ಬಾಲದ್ದು. "ಇದೇನೇ ಪುಟ್ಟಿ, ರಥ ಎಲ್ಲಿ?" ಎಂದು ನಮ್ಮತ್ತೆ ಕೇಳಿದರು. ಅವಳು ಕೈ ತೊಳೆದು ಬಂದು ಫೋನ್ ಹಚ್ಚಿದಳು. "ಅಜ್ಜೀ, ಮೊದಲು ಅಲ್ಲಿ ಕುದುರೆ ಇತ್ತಂತೆ..."