ನಕ್ಷೆಯಲ್ಲಿ ಇಲ್ಲದ ಈಜುಕೊಳ

ಕಲಬುರಗಿ
ನವೆಂಬರ್ 2, 2025, ಭಾನುವಾರ

ಹೊನ್ನಾವರದ ಹತ್ತಿರ ಮಾರಾಟಕ್ಕಿರುವ ವಿಲ್ಲಾದ ಕಾಗದಪತ್ರ ತಮ್ಮ ಕಳಿಸಿದ್ದ. ಊಟ ಮುಗಿಸಿ ಎಲ್ಲ ಹರಡಿಕೊಂಡು ಕೂತೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ನಾಲ್ಕು ಕೋಣೆ, ಹಿಂದೆ ತೆಂಗು, ಸಮುದ್ರದ ಕಡೆ ಈಜುಕೊಳ. ಹೇಳುತ್ತಿರುವ ರೇಟು 1 ಕೋಟಿ 40 ಲಕ್ಷ. ನಾವು ಮೂವರು ಒಡಹುಟ್ಟಿದವರು ಕೂಡಿದರೆ ಆಗದ ಮಾತಲ್ಲ. ಇಲ್ಲಿ ಮೇ ತಿಂಗಳ 43–44 ಡಿಗ್ರಿ ಬಿಸಿಲಿಗೆ ಮಕ್ಕಳು ಕೂಲರ್ ಮುಂದೆ ಬಿದ್ದಿರುವುದನ್ನು ನೋಡಿ ನೋಡಿ ಆ ಮನೆ ನನಗೂ ಬೇಕೇ ಬೇಕು ಅನ್ನಿಸಿದೆ.

ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ, ಆಳ ಸುಮಾರು ಒಂದೂಕಾಲು. ಅಂದರೆ 40 ಸಾವಿರ ಲೀಟರ್, ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುವ 5 ಸಾವಿರ ಲೀಟರಿನ ಟ್ಯಾಂಕರ್ ಎಂಟು. ಕರಾವಳಿಯಲ್ಲಿ 3 ಸಾವಿರ ಮಿ.ಮೀ. ಮೀರಿ ಮಳೆ, ಅಲ್ಲೇನು ನೀರಿಗೆ ಬರ ಅಂತ ತಮ್ಮನ ವಾದ. ಆದರೆ ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಡಲಂಚಿನ ಬಾವಿಯಿಂದ ಏಪ್ರಿಲ್‌ನಲ್ಲಿ ಪಂಪ್ ಹಚ್ಚಿ ಎಳೆದರೆ ಸಿಹಿನೀರಿನ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಅಕ್ಕಪಕ್ಕದವರು ಕುಡಿಯುವ ಬಾವಿಯೂ ಕೆಡುತ್ತದೆ. ನೀರಿನ ಸಂಕಟ ಉಂಡ ನಾವು ಅದನ್ನು ಇನ್ನೊಬ್ಬರ ಊರಿಗೆ ಒಯ್ಯಬಾರದು.

ಮಂಜೂರಾದ ನಕ್ಷೆ ಬಿಚ್ಚಿದಾಗ ಎದೆ ಧಸಕ್ಕೆಂದಿತು. ಮನೆ ಇದೆ, ಬಾವಿ ಇದೆ, ಶೌಚದ ಗುಂಡಿಯೂ ಇದೆ. ಕೊಳ ಇರಬೇಕಾದಲ್ಲಿ ನಾಲ್ಕು ಗೆರೆ, ನಡುವೆ ‘ಖಾಲಿ ಜಾಗ’. ಅಂದರೆ ಆಮೇಲೆ ಕಟ್ಟಿದ್ದು, ಅದೂ ಸಮುದ್ರದ ಕಡೆಗೇ. ಸಿ.ಆರ್.ಝಡ್., ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದ ಪ್ರಕಾರ ಹಳ್ಳಿಗಳಲ್ಲಿ ಭರತದ ಗೆರೆಯಿಂದ (ಸಮುದ್ರ ಉಕ್ಕಿದಾಗ ನೀರು ಮುಟ್ಟುವ ಅಂಚಿನಿಂದ) 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿರ್ಬಂಧ. 2019ರ ಅಧಿಸೂಚನೆ ಅದನ್ನು 50 ಮೀಟರಿಗೆ ಇಳಿಸಿದ್ದು ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನ ಇರುವ ಕಡೆ ಮಾತ್ರ. ಆ ತೆಂಗಿನ ತೋಟದ ಊರು ಆ ಲೆಕ್ಕಕ್ಕೆ ಬರುವಂತೆ ಕಾಣುವುದಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಜಾಗ ಮಾರುವವರ ಅಜ್ಜನ ಕಾಲದ್ದು. ವಂಶವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಕರಾರಿನ ಕರಡಿನಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಪಾಲಾಗಿದ್ದರೆ ಮಾತು ಬೇರೆ, ಅಂಥ ಪತ್ರವೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ, ತಂದೆ ಆಗ ಬದುಕಿರಲೇಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯೂ ಆಗಿದೆ. ಆ ಅಂಗಳದಲ್ಲಿ ಆಡಿ ಬೆಳೆದವರನ್ನು ಬಿಟ್ಟು ನಾನು ಆ ಮನೆಯ ಕೀಲಿ ಹಿಡಿಯಲಾರೆ.

ಸಂಜೆ ತಮ್ಮನ ಫೋನು. “ಅಕ್ಕಾ, ಇನ್ನೊಬ್ಬ ಗಿರಾಕಿ ಬಂದಾನಂತ. ಎರಡು ಲಕ್ಷ ಇಸಾರ ಕೊಟ್ಟು ಹಿಡಕೊಂಡು ಬಿಡೋಣೇನು?”

“ಬ್ಯಾಡಪ್ಪ. ಆ ಅಕ್ಕತಂಗೇರು ಸಹಿ ಮಾಡೋತನಕ ಒಂದು ರೂಪಾಯಿನೂ ಕೊಡಬ್ಯಾಡ.”

“ಕೈ ಬಿಟ್ಟು ಹೋದ್ರ?”

“ಹೋಗ್ಲಿ. ಕೋರ್ಟಿಗಿ ಅಲಿಯೋದಕ್ಕಿಂತ ಛಲೋ.”

ಮುದ್ರಾಂಕ ಶುಲ್ಕ ನೂರಕ್ಕೆ 5, ನೋಂದಣಿ ಶುಲ್ಕ ಈ ಆಗಸ್ಟ್ 31ರಿಂದ 2. ಸೆಸ್ ಬಿಟ್ಟೇ 9 ಲಕ್ಷ 80 ಸಾವಿರ. ಅದಕ್ಕೆ ಹಣ ಹೊಂದಿಸಬಹುದು. ಗುರುವಾರ ತಮ್ಮ ಹೊನ್ನಾವರಕ್ಕೆ ಹೊರಟಿದ್ದಾನೆ. ಭರತದ ಗೆರೆಯಿಂದ ಕೊಳದ ಅಂಚಿಗೆ ಎಷ್ಟು ಮೀಟರ್ ಅಂತ ಸರ್ವೇಯರ್ ಕೈಲಿ ಬರೆಸಿಕೊಂಡು ಬಾ ಎಂದಿದ್ದೇನೆ.