ಮುಸುಕಿನ ಜೋಳದ ಊರಲ್ಲಿ ಎಳ್ಳು ಬೆಲ್ಲ

ಸಂಕ್ರಾಂತಿಗೆ ವಾರ ಹತ್ತು ದಿನ ಇರುವಾಗಲೇ ಮೈಸೂರು ಸೀಮೆಯ ಮನೆಗಳಲ್ಲಿ ಬೆಲ್ಲ, ಕೊಬ್ಬರಿ ಹೆಚ್ಚಿ ತಾರಸಿಯಲ್ಲಿ ಒಣಹಾಕುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಇರುವ ಅರ್ಬಾನಾ-ಶಾಂಪೇನ್ ಅವಳಿ ಊರಿನಲ್ಲಿ ತಾರಸಿಯ ಮಾತೇ ಇಲ್ಲ. ಜನವರಿ ನಡುವಿನಲ್ಲಿ ಉಷ್ಣಾಂಶ ಸೊನ್ನೆಗಿಂತ ಹತ್ತು-ಹದಿನೈದು ಡಿಗ್ರಿ ಕೆಳಗಿಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಹಾಗಿದ್ದೂ ಎಳ್ಳು ಬೆಲ್ಲಕ್ಕೆ ಇದಕ್ಕಿಂತ ಒಳ್ಳೆಯ ಹವೆ ಸಿಗುವುದು ಕಷ್ಟ. ಕೊರೆಯುವ ಚಳಿಯ ಗಾಳಿಯಲ್ಲಿ ನೀರಿನ ಪಸೆ ಇರುವುದೇ ಅಷ್ಟಿಷ್ಟು. ಅದು ಮನೆಯೊಳಗೆ ಬಂದು ಹೀಟರಿನಲ್ಲಿ ಕಾದರೆ ತುಟಿ ಒಡೆಯುವಷ್ಟು ಒಣಗುತ್ತದೆ. ಬೆಲ್ಲದ ಚೂರುಗಳನ್ನು ತಟ್ಟೆಯಲ್ಲಿ ಹರಡಿ ರಾತ್ರಿ ಬಿಟ್ಟರೆ ಸಾಕು, ಬೆಳಿಗ್ಗೆ ಅಲುಗಿಸಿದಾಗ ಹರಳಿನಂತೆ ಸದ್ದು ಮಾಡುತ್ತವೆ.

ತೊಂದರೆ ಕೊಡುವುದು ಕ್ಯಾಲೆಂಡರ್. ವಸಂತದ ಸೆಮಿಸ್ಟರ್ ಶುರುವಾಗುವುದು ಸಾಮಾನ್ಯವಾಗಿ ಜನವರಿಯ ಮೂರನೇ ಸೋಮವಾರದ ಮಾರ್ಟಿನ್ ಲೂಥರ್ ಕಿಂಗ್ ರಜೆ ಕಳೆದ ಮೇಲೆ. ಹಬ್ಬ 14 ಅಥವಾ 15ಕ್ಕೆ. ಅಂದರೆ ಕ್ಯಾಂಪಸ್ ಬಿಕೋ ಎನ್ನುವ ಹೊತ್ತಿಗೆ, ಬಸ್ಸುಗಳು ಅಪರೂಪವಾದಾಗ, ಅರ್ಧ ಜನ ಊರಲ್ಲಿಲ್ಲದಾಗ ಹಬ್ಬ ಬಂದು ಹೋಗುತ್ತದೆ. ಪೂಜೆಯನ್ನು ಆ ದಿನವೇ ಮಾಡಿ, ಎಳ್ಳು ಬೀರುವುದನ್ನು ಸೆಮಿಸ್ಟರ್ ಶುರುವಾದ ಮೊದಲ ಶನಿವಾರಕ್ಕೆ ಇಟ್ಟುಕೊಳ್ಳುವುದು ಲೇಸು. ಕರ್ನಾಟಕದ ಪಂಚಾಂಗ ನೋಡುವವರು ಹನ್ನೊಂದೂವರೆ ಗಂಟೆ ಕಳೆಯಬೇಕು. ಅಲ್ಲಿ 15ರ ನಸುಕಿನ ಸಂಕ್ರಮಣ ಇಲ್ಲಿಗೆ 14ರ ಮಧ್ಯಾಹ್ನ.

ಸುಗ್ಗಿಯ ಹಬ್ಬಕ್ಕೆ ಈ ಊರು ತೀರ ಹೊರಗಿನದೇನಲ್ಲ. 1862ರಲ್ಲಿ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯ್ದೆ, ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗಾಗಿ ಪ್ರತಿ ರಾಜ್ಯಕ್ಕೂ ಅದರ ಒಬ್ಬೊಬ್ಬ ಸಂಸದನ ಲೆಕ್ಕದಲ್ಲಿ 30,000 ಎಕರೆ ಕೊಟ್ಟಿತು. ಇಲಿನಾಯ್ ಪಾಲಿಗೆ ಬಂದದ್ದು 4,80,000 ಎಕರೆಯ ಹಕ್ಕುಪತ್ರ. ಹೀಗೆ ಹಂಚಿದ ನೆಲ ಮೂಲನಿವಾಸಿಗಳ ಕೈತಪ್ಪಿಸಿದ ನೆಲ ಎಂಬುದನ್ನೂ ಇದರ ಜೊತೆಗೇ ಹೇಳಬೇಕು. 1867ರಲ್ಲಿ ಸ್ಥಾಪನೆಯಾದಾಗ ಇಲ್ಲಿನ ವಿಶ್ವವಿದ್ಯಾಲಯದ ಹೆಸರು ಇಲಿನಾಯ್ ಇಂಡಸ್ಟ್ರಿಯಲ್ ಯೂನಿವರ್ಸಿಟಿ. ಇಲಿನಾಯ್ ವಿಶ್ವವಿದ್ಯಾಲಯ ಎಂಬ ಹೆಸರು 1885ರದು. ಕ್ಯಾಂಪಸ್ಸಿನ ನಡುವೆಯೇ 1876ರಿಂದ ಮುಸುಕಿನ ಜೋಳ ಬೆಳೆಯುತ್ತಿರುವ ಮಾರೋ ಪ್ಲಾಟ್ಸ್ ಎಂಬ ಪ್ರಯೋಗದ ತಾಕು ಇದೆ. ಅದರ ಮೇಲೆ ನೆರಳು ಬೀಳಬಾರದೆಂದು ಪಕ್ಕದ ಲೈಬ್ರರಿಯನ್ನು 1969ರಲ್ಲಿ ನೆಲದಡಿಯಲ್ಲೇ ಕಟ್ಟಿದರು. ಹೊಲಕ್ಕೆ ಕಟ್ಟಡವೇ ತಲೆತಗ್ಗಿಸಿದ ಇಂಥ ಉದಾಹರಣೆ ಬೆಂಗಳೂರಿನವರಿಗೆ ನಂಬಲು ಕಷ್ಟ. 1964ರಲ್ಲಿ ಶುರುವಾದ ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಹಿಂದಿದ್ದುದೂ ಇದೇ ಲ್ಯಾಂಡ್ ಗ್ರಾಂಟ್, ಅಂದರೆ ನೆಲದ ಕೊಡುಗೆಯಿಂದ ಹುಟ್ಟಿದ ಕಾಲೇಜುಗಳ ಮಾದರಿ.

ಇಪ್ಪತ್ತು ಮನೆಗೆ ತಲಾ ನೂರು ಗ್ರಾಂ ಎಂದರೆ ಎರಡು ಕಿಲೋ ಮಿಶ್ರಣ ಬೇಕು: ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ ಅರ್ಧರ್ಧ ಕಿಲೋ, ಹುರಿಗಡಲೆ 300 ಗ್ರಾಂ, ಬಿಳಿ ಎಳ್ಳು 200 ಗ್ರಾಂ. ಎಳ್ಳನ್ನು ಸೂಪರ್ ಮಾರ್ಕೆಟ್ಟಿನ ಮಸಾಲೆ ಸಾಲಿನಲ್ಲಿ ಕೊಳ್ಳಬೇಡಿ, ಪುಟ್ಟ ಸೀಸೆಗೆ ದುಡ್ಡು ಸುರಿಯುತ್ತದೆ. ಕೊರಿಯನ್ ಅಥವಾ ಇಂಡಿಯನ್ ಅಂಗಡಿಯಲ್ಲಿ ಚೀಲದಲ್ಲೇ ಸಿಗುತ್ತದೆ. ಕೊಬ್ಬರಿ ಗಿಟುಕನ್ನು ಮೂಸಿ ನೋಡಿಯೇ ತನ್ನಿ. ಹಳೆಯದಾದರೆ ಒಂದು ಚೂರಿನ ಕಮಟು ಇಡೀ ಡಬ್ಬಿಗೆ ಹತ್ತುತ್ತದೆ. ಬೇಕಿಂಗ್ ಸಾಲಿನ ಕೊಬ್ಬರಿ ತುರಿಗೆ ಸಕ್ಕರೆ ಬೆರೆಸಿರುತ್ತಾರೆ, ಅದು ಆಗದು. ಊರಲ್ಲಿ ಸಿಗದ್ದಕ್ಕೆ ಸುಮಾರು 220 ಕಿಲೋಮೀಟರ್ ಆಚೆ ಶಿಕಾಗೋದಲ್ಲಿ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂ ಇದೆ, ಹಿಮ ಬೀಳದ ದಿನ ನೋಡಿಕೊಂಡು ಹೋಗಬೇಕು ಅಷ್ಟೆ.

ಬೆಲ್ಲದಲ್ಲಿ ತಿಳಿಹಳದಿಯ ಗಟ್ಟಿ ಅಚ್ಚನ್ನೇ ಆರಿಸಿ. ಕಪ್ಪು ಬೆಲ್ಲ ಹೆಚ್ಚುವಾಗಲೇ ಮೇಣವಾಗುತ್ತದೆ. ಅಚ್ಚು ಕಲ್ಲಾಗಿದ್ದರೆ ಮೈಕ್ರೋವೇವ್‌ನಲ್ಲಿ ಹತ್ತು ಸೆಕೆಂಡು ಸಾಕು. ಮೂವತ್ತು ಸೆಕೆಂಡಿಟ್ಟರೆ ಹೊರಗೆ ಗಟ್ಟಿಯಾಗಿದ್ದೇ ಒಳಗೆ ಕರಗಿ ಪಾಕವಾಗುತ್ತದೆ. ಕೊಬ್ಬರಿಯ ಕಂದು ಸಿಪ್ಪೆಯನ್ನು ತರಕಾರಿ ಪೀಲರ್‌ನಲ್ಲಿ ಹೆರೆದು ಅಡಕತ್ತರಿಯಲ್ಲಿ ಕತ್ತರಿಸಿ. ಅಡಕತ್ತರಿ ಊರಿಂದಲೇ ತರಬೇಕು, ಅದೂ ವಿಮಾನದ ಚೆಕ್-ಇನ್ ಪೆಟ್ಟಿಗೆಯಲ್ಲಿ.

ಕಡಲೆಕಾಯಿ ಬೀಜವನ್ನು ಬಾಣಲೆಯಲ್ಲಿ ಹುರಿಯುವುದಕ್ಕಿಂತ ಅವನ್ ವಾಸಿ. ಬಾಡಿಗೆ ಮನೆಗಳ ಕರೆಂಟಿನ ಕಾಯಿಲ್ ಒಲೆ ಆರಿಸಿದ ಮೇಲೂ ಐದು ನಿಮಿಷ ಕಾದೇ ಇರುತ್ತದೆ, ತಳದ ಬೀಜ ಕರಿಕಾಗುತ್ತದೆ. 350 ಫ್ಯಾರನ್‌ಹೀಟ್‌ನಲ್ಲಿ ಒಂದೇ ಪದರವಾಗಿ ಹರಡಿ ಹದಿನೈದು ನಿಮಿಷ, ನಡುವೆ ಒಮ್ಮೆ ಕೆದಕಿ. ತಣಿದ ಮೇಲೆ ಟವೆಲ್ಲಿನಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ, ಬೀಜ ಇಬ್ಭಾಗವಾಗುತ್ತದೆ. ಊರಿನಂತೆ ಮೊರದಲ್ಲಿ ಕೇರಿ ಊದಲು ಹೋದರೆ ಮಾತ್ರ ಇಲ್ಲಿನ ಒಣಹವೆ ಆಟ ಕಟ್ಟುತ್ತದೆ: ಸ್ಟ್ಯಾಟಿಕ್ ವಿದ್ಯುತ್ತು ಹಿಡಿದ ಕೆಂಪು ಸಿಪ್ಪೆ ಸ್ವೆಟರಿನ ತೋಳಿಗೆ ಅಂಟಿ ಎರಡು ದಿನ ಬಿಡುವುದಿಲ್ಲ. ದೊಡ್ಡ ಕಣ್ಣಿನ ಜರಡಿಯಲ್ಲಿ ಸಿಂಕಿನೊಳಗೆ ಅಲ್ಲಾಡಿಸಿ. ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದರಾಯಿತು. ಹೊಗೆ ಏಳಬಾರದು, ಕೆಲವು ಅಪಾರ್ಟ್‌ಮೆಂಟಿನಲ್ಲಿ ಒಂದು ಮನೆಯ ಹೊಗೆಗೆ ಅಲಾರಂ ಕೂಗಿ ಇಡೀ ಕಟ್ಟಡ ಚಳಿಯಲ್ಲಿ ಬೀದಿಗೆ ಬರುತ್ತದೆ. ಎಲ್ಲವೂ ಪೂರ್ತಿ ಆರಿದ ಮೇಲೆಯೇ ಬೆಲ್ಲ ಸೇರಿಸಿ. ಬೀಜ ಬೆಚ್ಚಗಿದ್ದರೆ ಬೆಲ್ಲ ಬೆವರಿ, ಎಳ್ಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ.

ಬೆಲ್ಲ ಬೆವರುವ ಇನ್ನೊಂದು ದಾರಿಯೂ ಇದೆ. ಕಾರಿನಲ್ಲಿ ರಾತ್ರಿಯಿಡೀ ಉಳಿದ ಪೊಟ್ಟಣವನ್ನು ಬೆಚ್ಚನೆಯ ಅಡುಗೆಮನೆಗೆ ತಂದು ತಕ್ಷಣ ಬಿಚ್ಚಿದರೆ, ಹೊರಗಿಂದ ಬಂದವರ ಕನ್ನಡಕಕ್ಕೆ ಮಂಜು ಹಿಡಿಯುವಂತೆ ಬೆಲ್ಲದ ಮೇಲೂ ನೀರು ಕೂರುತ್ತದೆ. ಕಟ್ಟಿದ್ದನ್ನು ಕಟ್ಟಿದಂತೆಯೇ ಎರಡು ಗಂಟೆ ಬಿಡಿ.

ಸಕ್ಕರೆ ಅಚ್ಚು ಮಾಡುವವರು ಮರದ ಅಚ್ಚನ್ನು ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡಲೇಬೇಕು. ಹೀಟರ್ ಹವೆಗೆ ಒಣಗಿದ ಮರ ಬಾಯಿಬಿಟ್ಟಿರುತ್ತದೆ. ಪಾಕ ಬಿರುಕಿಗೆ ಇಳಿದರೆ ಆನೆ ಬರುತ್ತದೆ, ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ.

ಬೀರುವಾಗ ಇಲ್ಲಿನ ಒಂದು ನಿಯಮ ಮರೆಯುವಂತಿಲ್ಲ. ಕಡಲೆಕಾಯಿ ಅಲರ್ಜಿ ಇಲ್ಲಿ ಜೀವಕ್ಕೆ ಸಂಬಂಧಿಸಿದ ವಿಷಯ. 2023ರ ಜನವರಿ 1ರಿಂದ ಎಳ್ಳೂ ಅಮೆರಿಕದ ಲೇಬಲ್ ಕಾನೂನಿನಲ್ಲಿ ಒಂಬತ್ತನೇ ಮುಖ್ಯ ಅಲರ್ಜಿಯ ಪದಾರ್ಥ. ನಮ್ಮ ಪೊಟ್ಟಣದಲ್ಲಿ ಎರಡೂ ಇವೆ! ಮನೆಯಲ್ಲಿ ಮಾಡಿದ್ದಕ್ಕೂ ಚೀಟಿ ಅಂಟಿಸಿ, ಐದೂ ಪದಾರ್ಥ ಬರೆಯಿರಿ. ಲ್ಯಾಬಿನ ಮೇಜಿನ ಮೇಲೆ ಡಬ್ಬಿ ತೆರೆದಿಟ್ಟು ಹೋಗಬೇಡಿ. ಹಾಸ್ಟೆಲ್ ಕೋಣೆಯಲ್ಲಿ ದೀಪ, ಊದುಬತ್ತಿ ಹಚ್ಚುವಂತಿಲ್ಲ. ಬ್ಯಾಟರಿ ದೀಪವೇ ಗತಿ.

ಕಬ್ಬು ಮೆಕ್ಸಿಕನ್ ಅಂಗಡಿಯಲ್ಲಿ ಸಿಗುತ್ತದೆ. ಮಕ್ಕಳಿಗೆ ಎರೆಯುವ ಎಲಚಿಗೆ ಬದಲು ಚೀನೀ ಅಂಗಡಿಯ ಒಣ ಜುಜುಬೆ ನಡೆಯುತ್ತದೆ, ಅದು ಎಲಚಿಯ ದಾಯಾದಿಯೇ. ಹಿತಕಿದ ಅವರೆಗೆ ಸುರ್ತಿ ಲಿಲ್ವಾ ಎಂಬ ಫ್ರೋಜನ್ ಅವರೆಕಾಳು ತಂದು ಬಿಸಿನೀರಲ್ಲಿ ನೆನೆಸಿ ಹಿತುಕಿ. ಲೈಮಾ ಬೀನ್ಸ್ ನೋಡಲು ಹಾಗೆಯೇ ಇದ್ದರೂ ಬೆಂದರೆ ಹಿಟ್ಟು, ಸೊಗಡಂತೂ ಇಲ್ಲವೇ ಇಲ್ಲ. ಹಿಮದ ಮೇಲೆ ಬಣ್ಣದ ರಂಗೋಲಿ ಹಾಕುವ ಆಸೆ ಬೇಡ, ಗಳಿಗೆಯಲ್ಲಿ ಹರಡಿ ಕಲೆಯಾಗುತ್ತದೆ. ಬಾಗಿಲ ಒಳಗೆ ಕಪ್ಪು ಚಾರ್ಟಿನ ಮೇಲೆ ಎಳೆ ಬಿಡಿಸಿದರೆ ಚೆನ್ನ. ಐದು ಗಂಟೆಯ ಸುಮಾರಿಗೇ ಹೊತ್ತು ಮುಳುಗುವುದರಿಂದ ಎಳ್ಳು ಬೀರಲು ಮೂರಕ್ಕೇ ಹೊರಡಿ. ರೇಷ್ಮೆ ಸೀರೆಯ ಅಂಚು ಬೂಟಿನೊಳಗೆ ಸಿಕ್ಕಿ ಕೆಸರಾಗದಂತೆ ಎರಡು ಇಂಚು ಮೇಲಕ್ಕೇ ಉಡಬೇಕು.

ಬೆಲ್ಲ ಹೆಚ್ಚುವಾಗ ಉದುರಿದ ಪುಡಿ ನೂರು ಗ್ರಾಮಾದರೂ ಇರುತ್ತದೆ. ಅದನ್ನು ಮಿಶ್ರಣಕ್ಕೆ ಹಾಕಿದರೆ ಎಲ್ಲ ಅಂಟಂಟು. ಜರಡಿ ಹಿಡಿದು ಬೇರೆ ತೆಗೆದಿಡಿ. ಸಿಹಿ ಹುಗ್ಗಿಯ ಬೆಲ್ಲದ ಅಳತೆಯಲ್ಲಿ ಅಷ್ಟು ಕಡಿಮೆ ಮಾಡಿದರಾಯಿತು.