ಮಾತಾಡುವ ಗಡಿಯಾರಕ್ಕೆ ಕನ್ನಡ ಕಲಿಸೋದು ಹೇಗೆ?

ಸಕ್ಕರೆ ಕಾಯಿಲೆಯಿಂದ ನಮ್ಮ ಕಾಕಾನ ಕಣ್ಣು ಮಂಜಾದಾಗ, ಸೌದಿಯಿಂದ ರಜೆಗೆ ಬಂದಿದ್ದ ಪಕ್ಕದ ಮನೆಯವರು ಒಂದು ಮಾತಾಡುವ ಗಡಿಯಾರ ತಂದುಕೊಟ್ಟರು. ಅಂಗೈಯಷ್ಟು ಗಾತ್ರ, ಮೇಲೊಂದು ಹಳದಿ ಗುಂಡಿ. ಒತ್ತಿದರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಟೈಮ್ ಹೇಳುತ್ತಾಳೆ. ಶಾಲೆಯ ಮುಖ ನೋಡದ ಕಾಕಾ ತಿಂಗಳೊಳಗೆ ಫಿಫ್ಟಿ ನೈನ್‌ವರೆಗೆ ಕಲಿತುಬಿಟ್ಟ. ಅವನು ಹೋದ ಮೇಲೆ ಗಡಿಯಾರ ನನಗೆ ಬಂತು, ಹುಚ್ಚೂ ಅಲ್ಲಿಂದಲೇ ಶುರು.

ಈಗ ಹನ್ನೊಂದು ಗಡಿಯಾರ, ಮೂರು ಕ್ಯಾಲ್ಕುಲೇಟರ್ ಇವೆ. ಬೀದರಿನಲ್ಲಿ ಸಿಕ್ಕಿದ್ದು ಎರಡೇ. ಉಳಿದದ್ದೆಲ್ಲ ಹೈದರಾಬಾದಿನ ಜುಮ್ಮೇರಾತ್ ಬಜಾರಿನದು, ಗುರುವಾರ ಬೆಳಗಿನ ಬಸ್ಸು ಹಿಡಿದು ಹೋಗಿ ತಂದದ್ದು. ಜೇಬಿನಲ್ಲಿ ಎರಡು ಸೆಲ್ ಇರಲೇಬೇಕು, ಯಾಕೆಂದರೆ ಮಾರುವವನು ಸತ್ತ ಗಡಿಯಾರ ಹಿಡಿದುಕೊಂಡೂ ‘ಚಲ್ತಾ ಹೈ ಸಾಬ್’ ಅಂತಾನೆ. ಮೊದಲು ಸೆಲ್ಲಿನ ಮುಚ್ಚಳ ತೆಗೆದು ನೋಡಿ. ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹೆದರಬೇಡಿ, ಹತ್ತಿಗೆ ವಿನೆಗರ್ ಹಚ್ಚಿ ಉಜ್ಜಿದರೆ ಹೋಗುತ್ತದೆ. ಸ್ಪ್ರಿಂಗೇ ತಿಂದುಹೋಗಿದ್ದರೆ ಮಾತ್ರ ಬಿಟ್ಟುಬಿಡಿ. ಕ್ಯಾಲ್ಕುಲೇಟರಿನ ಗುಂಡಿ ಕೇಳದಿದ್ದರೆ ಒಳಗಿನ ಕರಿ ರಬ್ಬರಿಗೆ ಸ್ವಲ್ಪ ಸ್ಪಿರಿಟ್ ಸಾಕು.

ನಾನು ಕೊಳ್ಳೋದು ಚಂದಕ್ಕಲ್ಲ, ದನಿಗೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಅಂಧರಿಗಾಗಿ ‘ಸ್ಪೀಚ್ ಪ್ಲಸ್’ ಅಂತ ಒಂದು ಕ್ಯಾಲ್ಕುಲೇಟರ್ ಬಂದಿತ್ತು. ಅದಕ್ಕೆ ಬರುತ್ತಿದ್ದದ್ದು ಬರೀ 24 ಪದ. ಅದು ನನ್ನ ಹತ್ತಿರ ಇಲ್ಲ, ಆದರೆ ನನ್ನ ಅಗ್ಗದ ಗಡಿಯಾರಗಳದ್ದೂ ಹೆಚ್ಚುಕಮ್ಮಿ ಅದೇ ಕಂಜೂಸಿತನ: ಕೆಲವೇ ಪದ ಬಿಡಿಬಿಡಿಯಾಗಿ ತುಂಬಿಟ್ಟು, ಅವನ್ನೇ ಜೋಡಿಸಿ ಟೈಮ್ ಹೇಳೋದು. ಏಳು ಇಪ್ಪತ್ತೈದು ಆದಾಗ ಕಿವಿ ಇಟ್ಟು ಕೇಳಿ. ‘ಟ್ವೆಂಟಿ’ ಒಂದು ದಿನ ಹೇಳಿದ್ದು, ‘ಫೈವ್’ ಇನ್ನೊಂದು ದಿನ ಹೇಳಿದ್ದು ಅನ್ನೋ ಹಾಗೆ ನಡುವೆ ಕೂದಲೆಳೆಯಷ್ಟು ಸಂದು. ಒಂದರಿಂದ ಇಪ್ಪತ್ತು, ಆಮೇಲೆ ಥರ್ಟಿ, ಫಾರ್ಟಿ, ಫಿಫ್ಟಿ. 23 ಪದಗಳಲ್ಲಿ 59ರವರೆಗೆ ಮುಗಿಯಿತು.

ಕನ್ನಡದಲ್ಲಿ ಈ ಆಟ ನಡೆಯೋದಿಲ್ಲ. ‘ಇಪ್ಪತ್ತು’, ‘ಐದು’ ಅಂತ ಅಂಟಿಸಿದರೆ ಮಗ್ಗಿ ಮರೆತ ಹುಡುಗನ ಹಾಗೆ ಕೇಳುತ್ತದೆ. ‘ಇಪ್ಪತ್ತೈದು’ ಬೇಕಾದರೆ ಹಿಂದಿನ ‘ಉ’ ಕತ್ತರಿಸಬೇಕು, ಆಗ ‘ತ್’ ಗಾಳಿಯಲ್ಲಿ ನೇತಾಡುತ್ತದೆ. ಹಾಗಾಗಿ ಒಂದರಿಂದ ಐವತ್ತೊಂಬತ್ತರವರೆಗೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಹೇಳಿಸಬೇಕು. ಅಷ್ಟಾದ ಮೇಲೂ ಏಳೂಕಾಲು, ಏಳೂವರೆ ಅನ್ನೋಕೆ ಬರಬೇಕಲ್ವಾ?

ಮೊದಮೊದಲು ಎಲ್ಲದಕ್ಕೂ ಸೆಲ್ ಹಾಕಿಟ್ಟಿದ್ದೆ. ರಾತ್ರಿ ಒಂಬತ್ತಕ್ಕೆ ಗುಂಡಿ ಒತ್ತದಿದ್ದರೂ ಹನ್ನೊಂದೂ ಸೇರಿ ನಾಲ್ಕು ನಿಮಿಷ ಒಂದರ ಹಿಂದೊಂದು ‘ನೈನ್ ಓ ಕ್ಲಾಕ್’ ಅನ್ನುತ್ತಿದ್ದವು. ಈಗ ಕಾಕಾನದಕ್ಕೆ ಮಾತ್ರ ಸೆಲ್ ಇದೆ. ಅದೂ ಸವೆದರೆ ದನಿ ನಿಧಾನವಾಗಿ ಇಳಿದು ಆ ಹೆಂಗಸು ಗಂಡಸಾಗುತ್ತಾಳೆ. ಮೊನ್ನೆ ಹಾಗಾದಾಗ ಅವ್ವ ಅಡುಗೆಮನೆಯಿಂದಲೇ ಕೂಗಿದಳು: “ಏ, ಆಕಿಗಿ ಹೊಸಾ ಸೆಲ್ ಹಾಕೋ, ಗಂಟಲ ಕಟ್ಟ್ಯಾದ.”